ಹಿಟ್ಟಿನ ಗೆರೆ

ಕಾಲೇಜಿಗೆ ಅಂಕಪಟ್ಟಿ ಬಂದು ಬಹಳ ದಿನವಾದರೂ, ನನ್ನ ಜೊತೆ ಓದಿದ ಅಕ್ಕ ಅದನ್ನು ಒಯ್ಯಲು ಬರಲಿಲ್ಲ. ಒಂದು ದಿನ ಕಾಲೇಜಿನ ಗುಮಾಸ್ತರು ನನ್ನನ್ನು ಕರೆದು, "ಏನವಾ, ನಿಮ್ಮ ಸುರಪುರದಾಕಿ ಇದನ್ನ ಇಲ್ಲೇ ಉಪ್ಪಿನಕಾಯಿ ಹಾಕಂತಾಳೇನು? ನೀನರ ಒಯ್ದು ಮುಟ್ಟಿಸು," ಎಂದು ಲಕೋಟೆಯನ್ನು ಕೈಗೆ ಕೊಟ್ಟರು. ಶನಿವಾರ ಹೋಗುವುದೆಂದು ಡೈರಿಯಲ್ಲಿ ಬರೆದುಕೊಂಡೆ.

ನನಗೆ ಎಲ್ಲವನ್ನೂ ಬರೆದಿಡುವ ಚಾಳಿ. ಎಷ್ಟು ಹೊತ್ತಿಗೆ ಎದ್ದೆ, ಎಷ್ಟು ಸುತ್ತು ಓಡಿದೆ, ಯಾವ ಪಾಠ ಬಾಕಿ ಉಳಿಯಿತು ಎಂದು ದಿನದ ಕೊನೆಗೆ ಬರೆಯದಿದ್ದರೆ ನಿದ್ದೆ ಬರುವುದಿಲ್ಲ. ಯಾದಗಿರಿಯಲ್ಲಿ ನಾವು ಬಾಡಿಗೆಗೆ ಹಿಡಿದ ಕೋಣೆಯಲ್ಲಿ ಅಕ್ಕನ ಮಂಚ ನನ್ನ ಮಂಚದ ಪಕ್ಕಕ್ಕಿತ್ತು. ನಾನು ಬರೆಯುವುದನ್ನು ನೋಡಿ ಅವರು, "ಅಷ್ಟ್ಯಾಕ ಬರೀತಿ? ಮ್ಯಾಲ ಹೋದಾಗ ಚಿತ್ರಗುಪ್ತ ನಿನ್ನ ಅಸಿಸ್ಟೆಂಟ್ ಮಾಡಕೊಂತಾನ ನೋಡು," ಎನ್ನುತ್ತಿದ್ದರು.

ದೈಹಿಕ ಶಿಕ್ಷಕರಾಗಲು ಬಿ.ಪಿ.ಎಡ್. ಸೇರಿದ ನಮ್ಮಲ್ಲಿ ಹೆಚ್ಚಿನವರು ಇಪ್ಪತ್ತೆರಡರ ಆಸುಪಾಸಿನವರು. ಅಕ್ಕನಿಗೆ ಮೂವತ್ತನಾಲ್ಕು. ಮದುವೆಯಾಗಿ ಐದನೆಯ ತರಗತಿ ಓದುವ ಮಗನಿದ್ದ. ಗಂಡನಿಗೆ ಸುರಪುರದಲ್ಲಿ ಹಿಟ್ಟಿನ ಗಿರಣಿ. ಮೊದಲ ದಿನ ಮೈದಾನಕ್ಕೆ ಬಂದಾಗ ಟ್ರ್ಯಾಕ್ ಸೂಟಿನ ಮೇಲೆ ದುಪಟ್ಟಾ ಹೊದ್ದಿದ್ದರು. ನಮ್ಮ ಹುಡುಗರು ನಕ್ಕರು. ಅಕ್ಕ ದುಪಟ್ಟಾವನ್ನು ಸೊಂಟಕ್ಕೆ ಬಿಗಿದು ನೂರು ಮೀಟರ್ ಓಡಿ ನಾಲ್ಕನೆಯವರಾಗಿ ಬಂದು, ಏದುಸಿರು ಬಿಡುತ್ತ, "ಹಿಂದ ಉಳಿದವರು ಈಗ ನಗ್ರಿ," ಎಂದರು. ಅಂದಿನಿಂದ ಅವರು ಎಲ್ಲರಿಗೂ ಅಕ್ಕ. ಇಲ್ಲಿಯೂ ಹಾಗೇ ಬರೆಯುತ್ತೇನೆ.

ಓದಲು ಬಿಟ್ಟದ್ದಕ್ಕೆ ಗಂಡ ಒಂದು ಕರಾರು ಹಾಕಿದ್ದರು. ಕೋರ್ಸಿನ ಎರಡು ವರ್ಷ ಯಾದಗಿರಿಯಲ್ಲಿ ಇರಬಹುದು. ಅಷ್ಟರೊಳಗೆ ಶಾಲೆಯಲ್ಲಿ ಕೆಲಸ ಸಿಕ್ಕರೆ ಮುಂದೆಯೂ ಮಾಡಬಹುದು. ಸಿಗದಿದ್ದರೆ ಗಿರಣಿಗೆ ಬಂದು ಕೂಡಬೇಕು. "ಕೆಟ್ಟ ಮನುಷ್ಯಾ ಅಲ್ಲ," ಎಂದು ಅಕ್ಕನೇ ಹೇಳುತ್ತಿದ್ದರು, "ಒಬ್ಬಾವಾ ಗಿರಣಿ ನಡೆಸಿ ಹೈರಾಣ ಆಗ್ಯಾನ. ಖರೇ ಅಂದ್ರ ಅವನ ಜಾಗದಾಗ ನಾ ಇದ್ರ ಎರಡು ವರ್ಷಾನೂ ಬಿಡ್ತಿದ್ದಿಲ್ಲ."

ಆಟೋಟಗಳಿದ್ದಾಗ ನಮ್ಮಂಥ ವಿದ್ಯಾರ್ಥಿಗಳನ್ನು ಸ್ವಯಂಸೇವಕರಾಗಿ ಕರೆಯುವುದು ರೂಢಿ. ಒಂದು ಟೋಪಿ, ಒಂದು ಊಟದ ಚೀಟಿ, ದಿನವಿಡೀ ಬಿಸಿಲು. ಶಹಾಪುರದಲ್ಲಿ ಅಂಥ ಒಂದು ಕ್ರೀಡಾಕೂಟಕ್ಕೆ ಹೋದಾಗ, ಖೋ ಖೋ ಅಂಕಣದ ಅಂಚಿನಲ್ಲಿ ಶಾಲೆಯ ಅಂಗಿ ತೊಟ್ಟ ಹುಡುಗಿಯರ ಒಂದು ಗುಂಪು ಸುಮ್ಮನೆ ನಿಂತಿತ್ತು. ಅವರನ್ನು ಕರೆತಂದ ಮುಖ್ಯೋಪಾಧ್ಯಾಯಿನಿಗೆ ಆಟದ ನಿಯಮ ಗೊತ್ತಿರಲಿಲ್ಲ; ಹುಡುಗಿಯರಿಗೂ ಗೊತ್ತಿರಲಿಲ್ಲ. ಖೋ ಖೋದಲ್ಲಿ ಕುಳಿತವಳು ಹಿಂದಿನಿಂದ ಬಂದವಳು ಬೆನ್ನಿಗೆ ಕೈ ತಾಗಿಸಿ "ಖೋ" ಎಂದ ಮೇಲೆಯೇ ಏಳಬೇಕು. ಸೀಟಿ ಕೇಳಿದ ಕೂಡಲೇ ಇವರು ಎಂಟೂ ಜನ ಎದ್ದು ಓಡಿದರು. ಮೈದಾನವೆಲ್ಲ ನಕ್ಕಿತು. ಅಕ್ಕ ನಗಲಿಲ್ಲ. ಆಟ ಮುಗಿದ ಮೇಲೆ ಹೋಗಿ, "ಪಿ.ಟಿ. ಟೀಚರ್ ಇಲ್ಲೇನ್ರಿ ನಿಮ್ಮಲ್ಲಿ?" ಎಂದು ಕೇಳಿದರು.

"ಹೋದವರು ಹೋದ್ರು, ಬರವರು ಬರಲಿಲ್ಲ," ಎಂದರು ಹೆಡ್ ಮೇಡಂ. "ನೀವ್ ಬರ್ತೀರೇನು?"

ಕೇಳಿದವರು ತಮಾಷೆಗೆ ಕೇಳಿದ್ದರೇನೋ. ಅಕ್ಕ ಸೋಮವಾರದಿಂದಲೇ ಹೋದರು.

ಆ ಹಳ್ಳಿ ಮುದನಾಳದಿಂದ ಇನ್ನೂ ಆಚೆಗಿದೆ, ಹೆಸರು ಬರೆಯುವುದಿಲ್ಲ. ಅಲ್ಲಿಂದ ಬೆಳಿಗ್ಗೆ ಯಾದಗಿರಿಗೆ ತರಕಾರಿ ತರುವ ಮೂರು ಗಾಲಿಯ ಟಂಟಂ ಖಾಲಿಯಾಗಿ ಮರಳುವಾಗ ನಮ್ಮ ಓಣಿಯ ಬಾಯಿಗೆ ನಿಂತು ಹಾರ್ನ್ ಹೊಡೆಯುತ್ತಿತ್ತು. ಅಕ್ಕ ಮೆಂತ್ಯದ ಕಡ್ಡಿ, ಟೊಮೆಟೊ ರಸ ಮೆತ್ತಿದ ಬುಟ್ಟಿಗಳ ನಡುವೆ ಕುಳಿತು ಹೋಗಿ, ಶಾಲೆ ಶುರುವಾಗುವ ಮೊದಲಿನ ಒಂದು ತಾಸು ಆಡಿಸಿ, ನಮ್ಮ ಮೊದಲ ತರಗತಿಯ ಹೊತ್ತಿಗೆ ಬಸ್ಸು ಹಿಡಿದು ಬರುತ್ತಿದ್ದರು. ಒಂದು ವರ್ಷದಲ್ಲಿ ಅವರು ತಪ್ಪಿಸಿದ್ದನ್ನು ಲೆಕ್ಕ ಇಟ್ಟಿದ್ದೆ: ಮಗನಿಗೆ ಜ್ವರ ಬಂದಾಗ ಎರಡು ದಿನ, ಟಂಟಂ ಕೆಟ್ಟು ಒಂದು ದಿನ, ನಮ್ಮ ಪರೀಕ್ಷೆಗೆಂದು ಒಂದು ದಿನ. ಆ ಕೊನೆಯದನ್ನು ಅವರು ಒಪ್ಪಲೇ ಇಲ್ಲ. "ಪರೀಕ್ಷಾ ಹತ್ತಕ್ಕಿತ್ತು. ಹೋಗಿ ಬರಬಹುದಿತ್ತು. ನೀನಾ ಬೂಟು ಮುಚ್ಚಿಟ್ಟಿ," ಎಂದು ವಾರವಿಡೀ ನನ್ನ ಮೇಲೆ ಹರಿಹಾಯ್ದರು.

ಶಾಲೆಯಲ್ಲಿ ಏನೂ ಇರಲಿಲ್ಲ. ಜಾಲಿಯ ಎರಡು ತುಂಡು ನೆಟ್ಟು ಕಂಬ ಮಾಡಿದರು. ಟೇಪಿನ ಬದಲು ಹಗ್ಗಕ್ಕೆ ಗಂಟು ಹಾಕಿದರು. ಗೆರೆಗೆ ಸುಣ್ಣದ ಪುಡಿ ಕೇಳಿದರೆ ಹೆಡ್ ಮೇಡಂ, "ಬಿಲ್ಲಿಗೆ ಬಾಬ್ತು ಇಲ್ಲವಾ," ಎಂದರು. ಅಕ್ಕ ಶನಿವಾರ ಸುರಪುರಕ್ಕೆ ಹೋದವರು ಗಿರಣಿಯ ನೆಲ ಗುಡಿಸಿದ ಹಿಟ್ಟನ್ನು ಚೀಲ ತುಂಬ ಹೊತ್ತು ತಂದರು. ತಿನ್ನಲು ಬಾರದ, ಎಸೆಯುವ ಹಿಟ್ಟು. ಅದರಲ್ಲಿ ಎಳೆದ ಗೆರೆ ಸುಣ್ಣಕ್ಕಿಂತ ಬೆಳ್ಳಗೆ ಕಂಡಿತು. ಗೆರೆ ಎಳೆದ ದಿನ ನಾನೂ ಶಾಲೆಗೆ ಜೊತೆಯಾಗಿ ಹೋಗಿದ್ದೆ. ಅಂಕಣ ನೋಡಿ ನಮಗೇ ಹೆಮ್ಮೆ. ಹುಡುಗಿಯರನ್ನು ಸಾಲಾಗಿ ಕೂರಿಸಿ ಸೀಟಿ ಊದುವಷ್ಟರಲ್ಲಿ ಊರಿನ ಕೋಳಿಗಳೆಲ್ಲ ಬಂದು ಒಂದು ಬದಿಯ ಗೆರೆಯನ್ನು ಹೆಕ್ಕಿ ಮುಗಿಸಿದ್ದವು. ಇನ್ನೊಂದು ಬದಿಗೆ ಎರಡು ಆಡು ನಾಲಿಗೆ ಹಚ್ಚಿದ್ದವು.

"ಮೇಡಮ್ರಿ, ಹುಂಜ ಗೆರಿ ದಾಟ್ಯದ, ಔಟ್ ಕೊಡ್ರಿ!" ಎಂದು ಕೂಗಿದವಳು ಸಾಬಮ್ಮ. ಆರನೆಯ ತರಗತಿ, ತಂಡದಲ್ಲಿ ಎಲ್ಲರಿಗಿಂತ ಗಿಡ್ಡ, ಎಲ್ಲರಿಗಿಂತ ಚುರುಕು.

ಅಕ್ಕ ನಗುತ್ತ ನೆಲದ ಮೇಲೆ ಕುಳಿತುಬಿಟ್ಟರು. ಮರುವಾರದಿಂದ ಹಿಟ್ಟಿಗೆ ಬೂದಿ ಬೆರೆಸಿದರು. ಪ್ರತಿ ಹುಡುಗಿಯೂ ಮನೆಯ ಒಲೆಯಿಂದ ಒಂದು ಹಿಡಿ ತರಬೇಕು. ಬೂದಿ ತಂದವಳಿಗೆ ಮೊದಲ ಓಟ. ಸಾಬಮ್ಮ ಪಕ್ಕದ ಮನೆಯದನ್ನೂ ತರುತ್ತಿದ್ದಳು. ಅಕ್ಕ ಕಾಲೇಜಿಗೆ ಬರುವಾಗ ಕೈ ತೊಳೆದರೂ ಉಗುರಿನ ಸಂದಿಯಲ್ಲಿ ಬೂದಿಯೂ ಹಿಟ್ಟೂ ಉಳಿದಿರುತ್ತಿತ್ತು. ಪ್ರಾಧ್ಯಾಪಕರು ಹಾಜರಿ ಕರೆದಾಗ ಎತ್ತಿದ ಆ ಕೈ ನೋಡಿ, "ಅಡಿಗಿ ಮಾಡಿ ಬಂದ್ರೇನ್ರಿ?" ಎಂದರೆ, "ಹೌದ್ರಿ ಸರ್, ಹದಿನೈದು ಮಂದಿಗೆ," ಎನ್ನುತ್ತಿದ್ದರು.

ಮಕ್ಕಳಿಗೆ ಅವರು ಹೇಳುತ್ತಿದ್ದ ಮಾತು ಒಂದೇ: "ಕುಂತಾಗನೂ ಆಟದಾಗ ಇರ್ರಿ. ಕುಂತಾಕಿ ನಿದ್ದಿ ಮಾಡಿದ್ರ ಓಡಾಕಿ ಸಾಯ್ತಾಳ." ಕೋಣೆಯಲ್ಲಿ ನಾನು ಪುಸ್ತಕದ ಮೇಲೆ ತೂಕಡಿಸಿದಾಗಲೂ ಬೆನ್ನಿಗೆ ಕೈ ಬಡಿದು "ಖೋ" ಎನ್ನುತ್ತಿದ್ದರು. ಒಮ್ಮೆ ನಾನು ಕೇಳಿದೆ, "ಅಕ್ಕಾ, ನಿಮಗ ಯಾರು ಖೋ ಕೊಡ್ತಾರ?" ಅವರು ಚಾದರ ಮುಖದ ಮೇಲೆ ಎಳೆದುಕೊಂಡು, "ಬರಾಕತ್ತಾರ, ಬರಾಕತ್ತಾರ. ದೂರದ ಕಂಬ ಸುತ್ತಿ ಬರಬೇಕಲ್ಲ," ಎಂದರು.

ಎರಡನೆಯ ವರ್ಷದ ಗಣರಾಜ್ಯೋತ್ಸವಕ್ಕೆ ಆ ಶಾಲೆಗೆ ಶಿಕ್ಷಣ ಇಲಾಖೆಯ ಕಚೇರಿಯಿಂದ ಸಾಹೇಬರೊಬ್ಬರು ಧ್ವಜವಂದನೆಗೆ ಬರುತ್ತಾರೆಂದು ತಿಳಿಯಿತು. ಮುಂದಿನ ವರ್ಷ ಕೆಲವು ಶಾಲೆಗಳಿಗೆ ಅತಿಥಿ ದೈಹಿಕ ಶಿಕ್ಷಕರನ್ನು ಕೊಡುವ ಮಾತೂ ಆಗ ನಡೆದಿತ್ತು. ಆ ಶಾಲೆಗೆ ಒಬ್ಬರನ್ನು ಕೊಟ್ಟರೆ ಊರವರೆಲ್ಲ ಅಕ್ಕನ ಹೆಸರನ್ನೇ ಹೇಳುವವರಿದ್ದರು. ಅತಿಥಿ ಕೆಲಸವಾದರೂ ಕೆಲಸವೇ. ಗಂಡನ ಕರಾರಿಗೆ ಅದು ಸಾಕಿತ್ತು. "ಸಾಹೇಬ್ರ ಕಣ್ಣಿಗೆ ಬಿದ್ರ ಆತು," ಎಂದು ಅಕ್ಕ ಮೂರು ವಾರ ಪಥಸಂಚಲನ ಕಲಿಸಿದರು. ಬೂಟಿಲ್ಲದ ಮಕ್ಕಳ ಕಾಲು ಒಂದೇ ಸಲ ನೆಲಕ್ಕೆ ಬಡಿಯುವಂತೆ ಕಲಿಸಿದ್ದನ್ನು ನಾನು ಬೇರೆಲ್ಲೂ ನೋಡಿಲ್ಲ.

ಆ ಬೆಳಿಗ್ಗೆ ಅಕ್ಕ ಬಿಳಿ ಪ್ಯಾಂಟು, ಬಿಳಿ ಅಂಗಿ, ಬಿಳಿ ಟೋಪಿ ಹಾಕಿ ಕೊರಳಿಗೆ ಸೀಟಿ ತೂಗಿಸಿಕೊಂಡು ನಿಂತರು. ಸಾಬಮ್ಮ ತಂಡದ ಮುಂದೆ ನಿಂತು ಊರು ಒಡೆಯುವ ದನಿಯಲ್ಲಿ ಸಲಾಮು ಒಪ್ಪಿಸಿದಳು. ಸಾಹೇಬರು ಖುಷಿಯಾಗಿ ಸಾಲಿನ ಉದ್ದಕ್ಕೂ ನಡೆದು ಬಂದು, ಅಕ್ಕನ ಮುಂದೆ ನಿಂತು, ಹೆಡ್ ಮೇಡಂ ಕಡೆ ತಿರುಗಿ, "ಇವರು ನಿಮ್ಮ ಪಿ.ಟಿ. ಟೀಚರ್ರೇನ್ರಿ?" ಎಂದರು.

"ಹೌದ್ರಿ ಸರ್, ನಮ್ಮ ಪಿ.ಟಿ. ಮೇಡಂ," ಎಂದುಬಿಟ್ಟರು ಹೆಡ್ ಮೇಡಂ. ಶಾಲೆಯ ಮರ್ಯಾದೆಗೆ ಅಂದ ಮಾತು. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ.

ನಾನು ಹಿಂದೆ ನಿಂತು ಕಾಯುತ್ತಿದ್ದೆ, ಅಕ್ಕ ಈಗ ಹೇಳುತ್ತಾರೆ, ಈಗ ಹೇಳುತ್ತಾರೆ ಎಂದು. ಸಾಹೇಬರು "ಬೇಶ್, ಬೇಶ್" ಎನ್ನುತ್ತ ಮುಂದೆ ಹೋದರು. ಬಸ್ಸಿನಲ್ಲಿ ಬರುವಾಗ ನನಗೆ ತಡೆಯಲಾಗಲಿಲ್ಲ.

"ಯಾಕಕ್ಕಾ ಬಾಯಿ ಬಿಡಲಿಲ್ಲ? ನಾ ಪುಕ್ಕಟೆ ಬರಾಕಿ, ಇಲ್ಲಿ ಯಾರೂ ಇಲ್ಲ ಅಂತ ಹೇಳಾಕ ಅದಕ್ಕಿಂತ ಛಲೋ ಹೊತ್ತು ಸಿಗ್ತದೇನು?"

"ಹುಡಿಗ್ಯಾರು ಅಲ್ಲೇ ನಿಂತಿದ್ರಲ್ಲ," ಎಂದರು ಅಕ್ಕ. "ಅವರ ಮುಂದ, ನಾ ನಿಮ್ಮ ಟೀಚರ್ ಅಲ್ಲ ಅಂತ ಹೆಂಗ ಹೇಳ್ಲಿ? ಆಗಷ್ಟ ಸಲಾಮ್ ಹೊಡದಿದ್ರು."

ಜೂನ್ ಬಂತು. ಯಾವ ಶಾಲೆಗೆ ಅತಿಥಿ ಶಿಕ್ಷಕರು ಎಂಬುದು ಗೊತ್ತಾಗುವ ಹೊತ್ತಿಗೆ ಅಕ್ಕ ನನ್ನನ್ನು ಕರೆದುಕೊಂಡು ಕಚೇರಿಗೆ ಹೋದರು. ಅಂದು ಇಳಕಲ್ ಸೀರೆ ಉಟ್ಟು ಕುಂಕುಮ ಹಚ್ಚಿದ್ದರು. ಅದೇ ಸಾಹೇಬರು ಕುರ್ಚಿಯಲ್ಲಿದ್ದರು. ನಮ್ಮನ್ನು ಕೂಡಲು ಹೇಳಿ, ಅಕ್ಕನ ಮಾತು ಪೂರ್ತಿ ಕೇಳಿ, "ಯಾವ ಸಾಲಿ ಅಂದ್ರಿ?" ಎಂದರು.

ಅಕ್ಕ ಮತ್ತೆ ಹಳ್ಳಿಯ ಹೆಸರು ಹೇಳಿದರು.

"ಅಲ್ಲಿಗ್ಯಾಕ ಬೇಕ್ರಿ ಮತ್ತೊಬ್ಬರು? ಅಲ್ಲಿ ಪಿ.ಟಿ. ಮೇಡಂ ಅದಾರಲ್ಲ. ನಾ ಜನವರಿದಾಗ ಕಣ್ಣಾರೆ ನೋಡೀನಿ. ಏನ್ ಪರೇಡ್ ಮಾಡಿಸ್ಯಾರ್ರೀ ಆ ಹೆಣ್ಣಮಗಳು! ಇದ್ದ ಸಾಲಿಗೇ ಇನ್ನೊಬ್ಬರನ್ನ ಕೊಟ್ರ ಇಲ್ಲದ ಸಾಲಿಯವರು ನನ್ನ ಕೊರಳಪಟ್ಟಿ ಹಿಡಿಯಂಗಿಲ್ಲೇನು?"

"ಅದು ನಾನ ರೀ ಸರ್," ಎಂದರು ಅಕ್ಕ.

ಸಾಹೇಬರು ಕನ್ನಡಕ ತೆಗೆದು, ಹಾಕಿ ನೋಡಿದರು. ಗುರುತು ಸಿಕ್ಕಾಗ ಮುಖ ಅರಳಿತು. "ಅರೆ, ನೀವೇನ್ರಿ! ಸೀರ್‍ಯಾಗ ಗುರ್ತಾ ಹತ್ತಲಿಲ್ಲ ನೋಡ್ರಿ. ಚಾ ತಗೊಂತೀರಿ?"

"ನಾ ಸರಕಾರದ ಟೀಚರ್ ಅಲ್ರಿ ಸರ್. ಕಲಿಯಾಕಿ. ಸುಮ್ಮ ಬಂದು ಆಡಿಸಿ ಹೋಗ್ತೀನಿ. ಆ ಸಾಲ್ಯಾಗ ಖರೇ ಅಂದ್ರ ಯಾರೂ ಇಲ್ಲ."

"ನೀವು ಅದೀರಲ್ರಿ," ಎಂದರು ಸಾಹೇಬರು. ಅವರು ನಿಜವಾಗಿಯೂ ಸಂತೋಷದಿಂದ ಹೇಳಿದರು. "ಆಟ ನಡದದ, ಪರೇಡ್ ನಡದದ, ಮಕ್ಕಳಿಗೆ ಏನೂ ಕಮ್ಮಿ ಆಗಿಲ್ಲ. ಗುರುಮಠಕಲ್ ಕಡಿ ಸಾಲಿಗೆ ಒಂದು ಸೀಟಿ ಊದವರೂ ಇಲ್ಲವಾ. ಇರೂ ಒಂದು ಹುದ್ದೆ ನಾ ಎಲ್ಲಿ ಕೊಡಬೇಕು, ನೀವಾ ಹೇಳ್ರಿ. ಹೇಳ್ರಿ ನ್ಯಾಯ."

ಗುರುಮಠಕಲ್ ಕಡೆಯ ಆ ಹುದ್ದೆಯನ್ನಾದರೂ ಅಕ್ಕನಿಗೆ ಕೊಡಬಹುದೇ ಎಂದು ನಾನು ಬಾಯಿ ಹಾಕಿ ಕೇಳಿದೆ. ಅಲ್ಲಿಗೆ ಆ ಊರಿನವರದೇ ಹೆಸರು ಆಗಲೇ ಬಂದಿದೆ ಎಂದರು. ಚಹಾ ಬಂತು. ಕುಡಿದೆವು.

ಹೊರಗೆ ಬಂದು ಬೇವಿನ ಗಿಡದ ಕೆಳಗೆ ನಿಂತಾಗ ಅಕ್ಕನಿಗೆ ನಗು ಬಂತು. "ನನ್ನ ಮುಂದ ಕುಂತು ನನ್ನಾ ಹೊಗಳಿದ್ರು ನೋಡು. ನನ್ನ ಹಾದಿಗೆ ನಾನಾ ಅಡ್ಡ ಕುಂತೀನಿ. ನಾ ಎದ್ರ ಜಾಗ ಖಾಲಿ ಆಗ್ತದ."

ಮಾತಿಗೆ ಅಂದರೆಂದು ತಿಳಿದಿದ್ದೆ. ಮರುದಿನದಿಂದ ಅಕ್ಕ ಹೋಗುವುದನ್ನು ನಿಲ್ಲಿಸಿದರು. ಹೆಡ್ ಮೇಡಂ ಫೋನ್ ಮಾಡಿದಾಗ, "ನಾ ಬರಂಗಿಲ್ರಿ ಮೇಡಂ. ಸಾಲ್ಯಾಗ ಯಾರೂ ಇಲ್ಲ ಅಂತ ಸಾಹೇಬ್ರಿಗೆ ಕಾಣಬೇಕು. ಕಂಡ್ರ ಯಾರನ್ನರ ಕಳಸ್ತಾರ. ನಾ ಅಲ್ಲದಿದ್ರ ಬ್ಯಾಡ, ಯಾರರ," ಎಂದರು. ಹೆಡ್ ಮೇಡಂ ಮೊದಲು ಬೈದರು, ಆಮೇಲೆ ಅತ್ತರು ಎಂದು ಅಕ್ಕ ಹೇಳಿದರು. ಕಚೇರಿಗೆ ಪತ್ರ ಬರೆಯುತ್ತೇನೆ ಎಂದರಂತೆ. ಬರೆದರು ಕೂಡ.

ಆ ದಿನಗಳನ್ನು ನಾನು ಡೈರಿಯಲ್ಲಿ ಬರೆಯಲಿಲ್ಲ. ಬರೆಯಲು ಏನೂ ಇರಲಿಲ್ಲ. ಅಕ್ಕ ಎಂದಿನಂತೆ ನಸುಕಿನಲ್ಲೇ ಏಳುತ್ತಿದ್ದರು. ಬೂಟು ಹಾಕಿ, ಲೇಸು ಬಿಗಿದು, ಮಂಚದ ಅಂಚಿನಲ್ಲಿ ಕುಳಿತಿರುತ್ತಿದ್ದರು. ಓಣಿಯ ಬಾಯಿಗೆ ಟಂಟಂ ಹಾರ್ನ್ ಹೊಡೆಯುತ್ತಿತ್ತು. ಡ್ರೈವರಿಗೆ ಬೇಡ ಎಂದು ಹೇಳಿದ್ದರೂ ಅವನು ರೂಢಿಯಂತೆ ಸ್ವಲ್ಪ ಹೊತ್ತು ನಿಲ್ಲುತ್ತಿದ್ದ. ಅದು ಹೊರಟ ಸದ್ದು ಕೇಳಿದ ಮೇಲೆ ಅಕ್ಕ ಲೇಸು ಬಿಚ್ಚಿ ಬೂಟನ್ನು ಮಂಚದ ಕೆಳಗೆ ತಳ್ಳುತ್ತಿದ್ದರು. ಆಗಸ್ಟ್ ಹದಿನೈದಕ್ಕೆ ಆ ಶಾಲೆಯಲ್ಲಿ ಗಣಿತದ ಮೇಷ್ಟ್ರು ಮಕ್ಕಳನ್ನು ಸಾಲಾಗಿ ನಿಲ್ಲಿಸಿದರೆಂದು ತಿಳಿಯಿತು. ಅದೂ ನಡೆಯಿತು. ಯಾರೂ ಇಲ್ಲದೆಯೂ ನಡೆಯುತ್ತದೆ ಎಂದಾದ ಮೇಲೆ ಯಾರನ್ನು ಕಳಿಸುತ್ತಾರೆ? ತಾಲೂಕಿನ ಖೋ ಖೋಗೆ ಮಾತ್ರ ಆ ಶಾಲೆಯ ತಂಡ ಬರಲಿಲ್ಲ. ಅದನ್ನು ಯಾರೂ ಕೇಳಲೂ ಇಲ್ಲ.

ಕರಾರಿನ ಎರಡು ವರ್ಷ ಮುಗಿದ ವಾರ ಗಂಡ ಬಂದು ಅಕ್ಕನ ಟ್ರಂಕು, ಹಾಸಿಗೆ ಬಸ್ಸಿನ ಮೇಲೇರಿಸಿದರು. ಸೀಟಿಯನ್ನು ಅಕ್ಕ ನನ್ನ ದಿಂಬಿನ ಮೇಲೆ ಬಿಟ್ಟುಹೋಗಿದ್ದರು.

ಮೊನ್ನೆ ಶನಿವಾರ ಲಕೋಟೆ ಹಿಡಿದು ಹೊರಟಾಗ, ದಾರಿಯಲ್ಲೇ ಆ ಹಳ್ಳಿ ಬರುತ್ತದಲ್ಲ ಎಂದು ಇಳಿದೆ. ಬೆಳಗಿನ ಶಾಲೆ ಇತ್ತು. ಅಂಕಣದ ಜಾಗದಲ್ಲಿ ಯಾರೋ ಹತ್ತಿಕಟ್ಟಿಗೆ ಒಟ್ಟಿದ್ದರು. ಜಾಲಿಯ ಒಂದು ಕಂಬಕ್ಕೆ ಎಮ್ಮೆ ಕಟ್ಟಿತ್ತು, ಇನ್ನೊಂದು ಇರಲಿಲ್ಲ. ಹೆಡ್ ಮೇಡಂ ನನ್ನ ಗುರುತು ಹಿಡಿದು ಮಂಡಕ್ಕಿಯ ಸೂಸಲಾ ತರಿಸಿದರು. ತಿನ್ನುವಾಗ, "ನಿಂದೂ ಕೋರ್ಸ್ ಮುಗೀತಲ್ಲವಾ. ಕೆಲಸ ಸಿಗೂತನಕ ಮುಂಜಾನೆ ಒಂದು ತಾಸು ಬಂದು ಹೋಗಬಾರದೇನು?" ಎಂದರು. ನನ್ನ ಬಾಯಿ ತುಂಬಿತ್ತು.

ಗೇಟಿನ ಹತ್ತಿರ ಸಾಬಮ್ಮ ಸಿಕ್ಕಳು. ಉದ್ದವಾಗಿದ್ದಾಳೆ. ಜೊತೆಗೆ ಇಬ್ಬರು ಸಣ್ಣ ಹುಡುಗಿಯರು.

"ಟೀಚರ್ರೀ, ನಮ್ಮ ಮೇಡಂಗ ವರ್ಗ ಆತೇನ್ರಿ?"

ಶಾಲೆಯಿಂದ ಶಿಕ್ಷಕರು ಹೋಗುವುದಕ್ಕೆ ಆ ಮಕ್ಕಳಿಗೆ ಗೊತ್ತಿದ್ದ ಕಾರಣ ಅದೊಂದೇ.

"ಹೌದು," ಎಂದೆ. "ಸುರಪುರಕ್ಕ ಆಗ್ಯದ."

ಗಿರಣಿ ಮುಟ್ಟಿದಾಗ ಮಧ್ಯಾಹ್ನ. ಸದ್ದಿನಲ್ಲಿ ನಾನು ಕೂಗಿದ್ದು ಅಕ್ಕನಿಗೆ ಕೇಳಿಸಲಿಲ್ಲ. ತಲೆಗೆ ಬಟ್ಟೆ ಕಟ್ಟಿ, ರೆಪ್ಪೆಯವರೆಗೂ ಹಿಟ್ಟಾಗಿ, ಯಾರದೋ ಜೋಳ ಸುರಿಯುತ್ತಿದ್ದರು. ಕರೆಂಟು ಹೋಯಿತು. ಆ ನಿಶ್ಶಬ್ದದಲ್ಲಿ ತಿರುಗಿ ನನ್ನನ್ನು ಕಂಡು, "ಏ ಚಿತ್ರಗುಪ್ತ!" ಎಂದರು.

ಲಕೋಟೆ ತೆಗೆದುಕೊಂಡರು, ಒಡೆಯಲಿಲ್ಲ. "ಪಾಸ್ ಅದೀನಿಲ್ಲ?"

"ಫಸ್ಟ್ ಕ್ಲಾಸ್, ಅಕ್ಕಾ."

"ಹ್ಞೂಂ," ಎಂದು ಅದನ್ನು ಗೋಡೆಯ ದೇವರ ಪಟದ ಹಿಂದೆ ಸಿಕ್ಕಿಸಿದರು.

ಸಾಬಮ್ಮ ಕೇಳಿದ್ದನ್ನು ಹೇಳಿದೆ. ನಾನು ಕೊಟ್ಟ ಉತ್ತರವನ್ನೂ ಹೇಳಿದೆ. ಅಕ್ಕ ನಕ್ಕರು. ತಲೆಯ ಬಟ್ಟೆಯಿಂದ ಹಿಟ್ಟು ಉದುರುವಷ್ಟು ನಕ್ಕು, ತಕ್ಕಡಿಯ ಹತ್ತಿರ ಕುಳಿತ ಗಂಡನಿಗೆ, "ಕೇಳಿದ್ರೇನು, ನನಗ ಇಲ್ಲಿಗೆ ವರ್ಗ ಆಗ್ಯದಂತ!" ಎಂದರು.

"ಆರ್ಡರ್ ಎಲ್ಲದ, ತೋರಸು ಮತ್ತ," ಎಂದರು ಅವರು.

ನಗು ನಿಂತ ಮೇಲೆ ಅಕ್ಕ ಕೈ ಒರೆಸಿಕೊಳ್ಳುತ್ತ ಕೇಳಿದರು, "ವರ್ಗ ಆದ್ರ ಬದಲಿ ಯಾರರ ಬರಬೇಕಲ್ಲ. ಅದನ್ನ ಕೇಳಲಿಲ್ಲೇನು ಹುಡಿಗ್ಯಾರು?"

"ಕೇಳಿದ್ರು." ಅವರು ಅದನ್ನು ಕೇಳಿದ್ದನ್ನು ನಾನು ಮೇಲೆ ಬರೆದಿಲ್ಲ.

ಅಕ್ಕ ನನ್ನ ಮುಖ ನೋಡಿದರು. "ಹೆಡ್ ಮೇಡಂ ನಿನ್ನ ಕರದಾರ."

"ಹೌದ್ರಿ."

"ಹೋಗಬ್ಯಾಡ. ನೀ ಹೋದಿ ಅಂದ್ರ ಅಲ್ಲಿಗೆ ಯಾರೂ ಬರಂಗಿಲ್ಲ."

"ನೀವು ಹೋಗೂದು ಬಿಟ್ರಲ್ಲ ಅಕ್ಕಾ, ಯಾರು ಬಂದ್ರು? ನಾ ಹೋಗದಿದ್ರ ಬರ್ತಾರೇನು?"

ಅಷ್ಟರಲ್ಲಿ ಕರೆಂಟು ಬಂದು ಗಿರಣಿ ತಿರುಗತೊಡಗಿತು. ಅದರ ಸದ್ದಿಗೆ ಅಕ್ಕನ ಉತ್ತರ ಕೇಳಿಸಲಿಲ್ಲ ಎಂದು ಬರೆಯುವಂತಿಲ್ಲ. ನಾನು ಅವರ ಮುಖವನ್ನೇ ನೋಡುತ್ತಿದ್ದೆ; ತುಟಿ ಅಲ್ಲಾಡಿರಲಿಲ್ಲ.